ಡ್ರೈವರುಗಳ ನಿರ್ಗಮನ ವಿಚಾರ

ಲಿನಕ್ಸ್ ನಡೆಯುತ್ತಿರುವ ಗಣಕಯಂತ್ರವೊಂದರಲ್ಲಿ ಸಂಗೀತ ಕೇಳಿಬರುತ್ತಿರುವಾಗ, ಆ ಧ್ವನಿಯನ್ನು ಹೊರಡಿಸುವ ಭಾಗವನ್ನು ನಡೆಸುವ ಡ್ರೈವರನ್ನು, ಎಂದರೆ ಬೇಕಾದಾಗ ಸೇರಿಸಿ ತೆಗೆಯಬಹುದಾದ ಮಾಡ್ಯೂಲನ್ನು, ಕಳಚಿಹಾಕಬೇಕೆಂದು ಯಾರಾದರೂ ‘ಆರ್‌ಎಂಮಾಡ್’ ಆಜ್ಞೆಯನ್ನು ಕೊಟ್ಟರೆ, ಆ ಮಾಡ್ಯೂಲ್ ಬಳಕೆಯಲ್ಲಿದೆ ಎಂದು ಒಂದೇ ಸಾಲಿನ ಉತ್ತರ ಬರುತ್ತದೆ. ಆಜ್ಞೆಯೂ ನೆರವೇರುವುದಿಲ್ಲ, ಸಂಗೀತವೂ ನಿಲ್ಲುವುದಿಲ್ಲ. ಅದೇ ಯಂತ್ರದಲ್ಲಿ ವಿಡಿಯೊ ಕರೆ ನಡೆಯುತ್ತಿರುವಾಗ ಯುಎಸ್‌ಬಿ ಕ್ಯಾಮೆರಾದ ತಂತಿಯನ್ನು ಮಗುವೊಂದು ಎಳೆದುಬಿಟ್ಟರೆ, ಬಳಕೆಯಲ್ಲಿದೆ, ಆಗದು ಎಂದು ಹೇಳುವ ಅವಕಾಶವೇ ಯಂತ್ರಕ್ಕೆ ದೊರೆಯುವುದಿಲ್ಲ; ವಸ್ತು ಹೋಗಿಯೇ ಹೋಯಿತು, ಅದನ್ನು ನೆಚ್ಚಿಕೊಂಡಿದ್ದ ಪ್ರೋಗ್ರಾಂ ಮಾತ್ರ ಮುಂದಿನ ಚಿತ್ರಕ್ಕಾಗಿ ಇನ್ನೂ ಕೇಳುತ್ತಲೇ ಇದೆ. ಒಂದು ಪ್ರಸಂಗದಲ್ಲಿ ನಿರಾಕರಣೆ ಸಾಧ್ಯ, ಇನ್ನೊಂದರಲ್ಲಿ ಅಸಾಧ್ಯ. ಆದರೂ ಎರಡರ ಹಿಂದೆಯೂ ಇರುವ ಪ್ರಶ್ನೆ ಒಂದೇ: ಒಮ್ಮೆ ಕೊಟ್ಟ ಸಾಧನವನ್ನು, ಪಡೆದವನು ಅದನ್ನಿನ್ನೂ ಹಿಡಿದುಕೊಂಡಿರುವಾಗಲೇ, ಅವನಿಗೂ ಸುತ್ತಲಿನವರಿಗೂ ಹಾನಿಯಾಗದಂತೆ ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಈ ಪ್ರಶ್ನೆ ಕೇವಲ ತಂತ್ರಜ್ಞರದು ಎಂದು ತಳ್ಳಿಹಾಕುವಂತಹುದಲ್ಲ. ಇದಕ್ಕೆ ದೊರೆತಿರುವ ಉತ್ತರಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ನನಗೆ ದೃಢವಾಗಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಉಚಿತ: ಸುರಕ್ಷಿತವಾಗಿ ಕಳಚುವ ಸಾಮರ್ಥ್ಯವೆಂಬುದು ಕಳಚುವ ಗಳಿಗೆಯಲ್ಲಿ ತೋರಿಸತಕ್ಕ ಚಾತುರ್ಯವಲ್ಲ, ಸಾಧನವನ್ನು ಕೊಟ್ಟ ಕ್ರಮದಲ್ಲಿಯೇ ಅದು ಅಡಕವಾಗಿರಬೇಕು. ಕೊಡುವಾಗ ಹಿಂತೆಗೆಯುವ ದಾರಿಯನ್ನು ಉಳಿಸಿಕೊಳ್ಳದ ವ್ಯವಸ್ಥೆಗೆ ಆಮೇಲೆ ಉಳಿಯುವುವು ಎರಡೇ ಮಾರ್ಗಗಳು, ಹಟ ಹಿಡಿದು ನಿರಾಕರಿಸುವುದು ಅಥವಾ ಬಲಾತ್ಕಾರದಿಂದ ಕಿತ್ತುಕೊಳ್ಳುವುದು. ಇವೆರಡೂ ಅರ್ಧ ಉತ್ತರಗಳು.

ಮೊದಲು ಅಪಾಯದ ಸ್ವರೂಪವನ್ನು ತಿಳಿಯಬೇಕು. ಸಾಮಾನ್ಯ ಪ್ರೋಗ್ರಾಮೊಂದು ತಪ್ಪು ಮಾಡಿದರೆ ಅದರ ಫಲವನ್ನು ಅದೊಂದೇ ಉಣ್ಣುತ್ತದೆ. ಅದಕ್ಕೆ ಮೀಸಲಾದ ಮೆಮೊರಿಯ ಎಲ್ಲೆಯೊಳಗೆ ಅದು ಹುಟ್ಟಿ ಅಲ್ಲಿಯೇ ಅಳಿಯುತ್ತದೆ. ಡ್ರೈವರಿನ ಸ್ಥಿತಿ ಹಾಗಲ್ಲ. ಅದು ಇಡೀ ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಒಳಗೆ, ಕರ್ನಲ್ಲಿನದೇ ಸರ್ವಾಧಿಕಾರದೊಂದಿಗೆ ನೆಲಸಿರುತ್ತದೆ; ಓದಬೇಕಾದಾಗ ಇಲ್ಲಿಗೆ ಬಾ, ಬರೆಯಬೇಕಾದಾಗ ಅಲ್ಲಿಗೆ ಬಾ, ಯಂತ್ರಭಾಗ ಇಂಟರಪ್ಟ್ ಕೊಟ್ಟಾಗ ಮತ್ತೊಂದೆಡೆಗೆ ಬಾ ಎಂದು ತನ್ನ ಫಂಕ್ಷನ್ನುಗಳ ವಿಳಾಸಗಳನ್ನು ಕರ್ನಲ್ಲಿನ ನಾನಾ ಭಾಗಗಳಿಗೆ ಹಂಚಿರುತ್ತದೆ. ಡ್ರೈವರನ್ನು ತೆಗೆದಾಗ ಅದು ನೆಲಸಿದ್ದ ಮೆಮೊರಿ ಕರ್ನಲ್ಲಿಗೆ ಮರಳುತ್ತದೆ. ಹಂಚಿದ ವಿಳಾಸಗಳಲ್ಲಿ ಒಂದೇ ಒಂದು ಎಲ್ಲಿಯಾದರೂ ಉಳಿದುಕೊಂಡಿದ್ದರೆ, ಯಾವುದೋ ಒಂದು ಪ್ರೊಸೆಸರ್ ಯಾವುದೋ ಒಂದು ಕ್ಷಣದಲ್ಲಿ ಅಲ್ಲಿಗೆ ಜಿಗಿಯುತ್ತದೆ, ಮತ್ತು ಅಲ್ಲಿ ಏನೂ ಇರುವುದಿಲ್ಲ. ಏನೂ ಇಲ್ಲದಿರುವುದು ಅದೃಷ್ಟದ ಪಕ್ಷ; ಆ ಜಾಗವನ್ನು ಅಷ್ಟರಲ್ಲಿ ಬೇರೆ ಯಾರೋ ಪಡೆದು ತಮ್ಮ ದತ್ತಾಂಶವನ್ನು ಬರೆದುಕೊಂಡಿದ್ದರೆ ಇನ್ನೂ ಕಷ್ಟ, ಏಕೆಂದರೆ ಆಗ ತಪ್ಪು ಮೌನವಾಗಿ ಮುಂದುವರಿಯುತ್ತದೆ. ಲಿನಕ್ಸ್ ಕುಸಿದಾಗ ಮುದ್ರಿಸುವ ‘ಊಪ್ಸ್’ ವರದಿಯಲ್ಲಿ, ಆ ಹೊತ್ತಿಗೆ ಸೇರಿಕೊಂಡಿದ್ದ ಮಾಡ್ಯೂಲುಗಳ ಪಟ್ಟಿಯ ಕೊನೆಗೆ, ಕಟ್ಟಕಡೆಗೆ ತೆಗೆದುಹಾಕಿದ ಮಾಡ್ಯೂಲಿನ ಹೆಸರನ್ನೂ ಪ್ರತ್ಯೇಕವಾಗಿ ಕಾಣಿಸುತ್ತಾರೆ. ಅಗಲಿಹೋದವನನ್ನೇ ಮೊದಲು ಶಂಕಿಸು ಎಂಬುದು ಆ ಪದ್ಧತಿಯ ತಾತ್ಪರ್ಯ. ಅನುಭವವಿಲ್ಲದೆ ಯಾರೂ ಅಂಥ ಸಾಲನ್ನು ಸೇರಿಸುವುದಿಲ್ಲ.

ಹಾಗಾದರೆ ಬಳಸುವವರನ್ನು ಎಣಿಸಿಕೊಂಡರಾಯಿತು, ಎಣಿಕೆ ಸೊನ್ನೆಗಿಳಿದಾಗ ತೆಗೆದರಾಯಿತು ಎಂದು ಯಾರಿಗಾದರೂ ಹೊಳೆಯತಕ್ಕದ್ದೇ. ಹೊಳೆದದ್ದೂ ಅದೇ. ಆದರೆ ಎಣಿಸುವವನು ಎಲ್ಲಿ ನಿಂತು ಎಣಿಸಬೇಕೆಂಬುದರಲ್ಲಿ ಒಂದು ಸೂಕ್ಷ್ಮವುಂಟು. ಅದನ್ನು ಕಂಡುಕೊಳ್ಳುವುದಕ್ಕೆ ಸಮರ್ಥರಾದವರಿಗೂ ಕಾಲ ಹಿಡಿಯಿತು. ಲಿನಕ್ಸಿನ ಹಳೆಯ ಆವೃತ್ತಿಗಳಲ್ಲಿ ಡ್ರೈವರು ತನ್ನ ಎಣಿಕೆಯನ್ನು ತಾನೇ ಏರಿಸಿಕೊಳ್ಳಬೇಕಾಗಿತ್ತು: ಪ್ರೋಗ್ರಾಮೊಂದು ಸಾಧನವನ್ನು ತೆರೆದಾಗ ಡ್ರೈವರಿನ ‘ಓಪನ್’ ಫಂಕ್ಷನ್ ಓಡುತ್ತಿತ್ತು, ಅದರ ಆರಂಭದಲ್ಲಿ ಎಣಿಕೆಯನ್ನು ಒಂದು ಹೆಚ್ಚಿಸುವ ಸಾಲೊಂದನ್ನು ಬರೆದಿರುತ್ತಿದ್ದರು, ಮುಚ್ಚುವಾಗ ಇಳಿಸುವ ಸಾಲೊಂದನ್ನು. ನೋಡುವುದಕ್ಕೆ ಇದರಲ್ಲಿ ದೋಷ ಕಾಣದು. ಆದರೆ ಊರಿನ ಹಳೆಯ ಛತ್ರವೊಂದನ್ನು ಕೆಡಹಬೇಕಾಗಿದೆಯೆಂದೂ, ಬಂದವರ ಹೆಸರು ಬರೆಯುವ ವಹಿಯನ್ನು ಒಳಕೋಣೆಯಲ್ಲಿ ಇಟ್ಟಿದ್ದಾರೆಂದೂ ಭಾವಿಸೋಣ. ಕೆಡಹುವವನು ವಹಿಯನ್ನು ನೋಡುತ್ತಾನೆ, ಹೆಸರಿಲ್ಲ, ಸರಿ ಎಂದು ಹಾರೆ ಎತ್ತುತ್ತಾನೆ. ಹೊಸ್ತಿಲು ದಾಟಿ ಒಳಕೋಣೆಯ ಕಡೆಗೆ ನಡೆಯುತ್ತಿರುವ ಯಾತ್ರಿಕನ ಹೆಸರು ಇನ್ನೂ ವಹಿಗೆ ಏರಿಲ್ಲ. ಹೊರಡುವಾಗಲೂ ಹಾಗೆಯೇ: ಹೆಸರನ್ನು ಹೊಡೆದುಹಾಕಿದವನು ಇನ್ನೂ ಪಡಸಾಲೆಯನ್ನು ದಾಟಬೇಕಾಗಿದೆ, ಅಷ್ಟರಲ್ಲಿ ಸೂರು ತಲೆಯ ಮೇಲೆ ಬಿದ್ದಿದೆ. ವಹಿ ಇರಬೇಕಾದದ್ದು ಬಾಗಿಲಿನ ಹೊರಗೆ. ಬರೆಯಬೇಕಾದವನು ಒಳಗೆ ಬಿಡುವವನೇ ಹೊರತು ಒಳಗೆ ಬಂದವನಲ್ಲ.

2.4ರ ಆವೃತ್ತಿಯ ವೇಳೆಗೆ ಈ ತಿದ್ದುಪಡಿ ಬಂತು. ಪ್ರತಿಯೊಂದು ಫಂಕ್ಷನ್ ಪಟ್ಟಿಯ ಜೊತೆಗೂ ಅದರ ಒಡೆಯನಾದ ಮಾಡ್ಯೂಲ್ ಯಾವುದೆಂದು ನಮೂದಿಸುವ ಒಂದು ಅಂಕಣವನ್ನು ಸೇರಿಸಿದರು. ಡ್ರೈವರಿನೊಳಗೆ ಕಾಲಿಡುವುದಕ್ಕೆ ಮುಂಚೆ ಕರ್ನಲ್ಲಿನ ಸ್ಥಿರಭಾಗವೇ ಆ ಒಡೆಯನ ಎಣಿಕೆಯನ್ನು ಏರಿಸತೊಡಗಿತು. 2002ರ ನವೆಂಬರಿನಲ್ಲಿ, 2.5.48ರ ಆವೃತ್ತಿಯಲ್ಲಿ, ರಸ್ಟಿ ರಸೆಲ್ ಮಾಡ್ಯೂಲುಗಳ ಇಡೀ ವ್ಯವಸ್ಥೆಯನ್ನು ಹೊಸದಾಗಿ ಬರೆದು ಸೇರಿಸಿದಾಗ ಈ ತತ್ತ್ವ ಸ್ಪಷ್ಟವಾದ ರೂಪ ತಾಳಿತು. ಅಲ್ಲಿಂದ ಮುಂದೆ ಬಳಕೆಗೆ ಬಂದ ಫಂಕ್ಷನ್ನಿನ ಹೆಸರು ‘ಟ್ರೈ ಮಾಡ್ಯೂಲ್ ಗೆಟ್’. ಪ್ರವೇಶವನ್ನು ಅದು ಯಾಚಿಸುತ್ತದೆ, ಯಾಚನೆ ವಿಫಲವಾಗಬಹುದು. ತೆಗೆಯುವ ಆಜ್ಞೆ ಬಂದು, ಎಣಿಕೆ ಸೊನ್ನೆಯೆಂದು ಖಚಿತವಾದ ಕೂಡಲೇ ಮಾಡ್ಯೂಲ್ ‘ಹೊರಟಿದೆ’ ಎಂಬ ಸ್ಥಿತಿಗೆ ಬರುತ್ತದೆ. ಅದಾದ ಮೇಲೆ ಬಂದ ಯಾಚನೆಗಳಿಗೆಲ್ಲ ಇಲ್ಲವೆಂದೇ ಉತ್ತರ. ಎಣಿಕೆಗಿಂತಲೂ ಈ ‘ಇಲ್ಲ’ ಎನ್ನುವ ಶಕ್ತಿಯೇ ಹೆಚ್ಚಿನದೆಂದು ನಾನು ತಿಳಿಯುತ್ತೇನೆ. ಪ್ರವೇಶ ಕೊಡುವ ಕಡೆ ನಿರಾಕರಣೆಗೆ ಎಡೆಯಿಲ್ಲದಿದ್ದರೆ ಎಣಿಕೆ ಎಂದಿಗೂ ಸ್ಥಿರವಾದ ಸೊನ್ನೆಯನ್ನು ಮುಟ್ಟಲಾರದು.

ಆಗಲೂ ಕೆಲವು ಮೂಲೆಗಳು ಉಳಿದೇ ಇದ್ದುವು. ಡ್ರೈವರು ಹುಟ್ಟಿಸಿದ ಕರ್ನಲ್ ಥ್ರೆಡ್ ಒಂದು ತನ್ನ ಕೆಲಸ ಮುಗಿಸಿ, ಕೊನೆಯಲ್ಲಿ ತನ್ನ ಎಣಿಕೆಯನ್ನು ತಾನೇ ಇಳಿಸಿ ಮರಳುತ್ತದೆಯೆನ್ನಿ. ಎಣಿಕೆ ಇಳಿದದ್ದಕ್ಕೂ ಮರಳುವ ಆದೇಶ ನಡೆಯುವುದಕ್ಕೂ ನಡುವೆ ಇನ್ನೂ ಒಂದೆರಡು ಯಂತ್ರಾದೇಶಗಳು ಬಾಕಿ. ಅವು ಇರುವುದು ತೆಗೆಯಲ್ಪಡುತ್ತಿರುವ ಮೆಮೊರಿಯಲ್ಲಿಯೇ. ಆದುದರಿಂದ ಎಣಿಕೆ ಇಳಿಸಿ ಥ್ರೆಡ್ಡನ್ನು ಮುಗಿಸುವ ಎರಡೂ ಕೆಲಸಗಳನ್ನು ಕೂಡಿಸಿದ ಒಂದು ಫಂಕ್ಷನ್ನನ್ನು ಮಾಡ್ಯೂಲಿನ ಹೊರಗೆ, ಕರ್ನಲ್ಲಿನಲ್ಲಿಯೇ ಇಟ್ಟಿದ್ದಾರೆ. ಅದನ್ನು ಕರೆದ ಥ್ರೆಡ್ ಮತ್ತೆ ಡ್ರೈವರಿನ ಕಡೆಗೆ ತಿರುಗುವುದೇ ಇಲ್ಲ. ಟೈಮರುಗಳದು ಇನ್ನೊಂದು ಬಗೆಯ ಉಪದ್ರವ. ನಿಲ್ಲಿಸಿದ ಟೈಮರ್ ಒಂದು, ಆಮೇಲೆ ಮಾಡಲೆಂದು ಇಟ್ಟ ಕೆಲಸಗಳ ಸಾಲಾದ ವರ್ಕ್‌ಕ್ಯೂವಿನಿಂದ ಮತ್ತೆ ಏಳಬಹುದು, ಆ ವರ್ಕ್‌ಕ್ಯೂವಿನ ಕೆಲಸವನ್ನು ಆ ಟೈಮರೇ ಹುಟ್ಟಿಸಬಹುದು. ಯಾವುದನ್ನು ಮೊದಲು ನಿಲ್ಲಿಸಿದರೂ ಇನ್ನೊಂದು ಅದನ್ನು ಎಬ್ಬಿಸುತ್ತದೆ. 2023ರ 6.2ನೇ ಆವೃತ್ತಿಯಲ್ಲಿ ಬಂದ ಹೊಸ ಫಂಕ್ಷನ್ ಟೈಮರನ್ನು ನಿಲ್ಲಿಸುವುದಲ್ಲದೆ, ಮುಂದೆ ಯಾರು ಎಬ್ಬಿಸಿದರೂ ಏಳದಂತೆ ಮಾಡುತ್ತದೆ. ಇಲ್ಲಿಯೂ ಪರಿಹಾರವಾಗಿ ಬಂದದ್ದು ನಿರಾಕರಣೆಯ ಶಕ್ತಿಯೇ ಎಂಬುದನ್ನು ಗಮನಿಸಬೇಕು.

ಆರ್‌ಸಿಯು ಎಂದು ಕರೆಯಲ್ಪಡುವ ವಿಧಾನವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ, ಏಕೆಂದರೆ ಇದರಲ್ಲಿ ನ್ಯಾಯಾನ್ಯಾಯದ ಪ್ರಶ್ನೆಯೊಂದು ಅಡಗಿದೆ. ಪ್ರತಿಯೊಬ್ಬ ಬಳಕೆದಾರನೂ ಪ್ರತಿ ಸಲ ಒಳಬರುವಾಗಲೂ ಹೊರಹೋಗುವಾಗಲೂ ಎಣಿಕೆಯನ್ನು ತಿದ್ದುವುದು ದುಬಾರಿ. ಹತ್ತಾರು ಪ್ರೊಸೆಸರುಗಳು ಒಂದೇ ಅಂಕೆಗಾಗಿ ಹೋರಾಡಿದರೆ ಯಂತ್ರವೇ ಮಂದವಾಗುತ್ತದೆ. ದಿನವೂ ಲಕ್ಷಾಂತರ ಸಲ ನಡೆಯುವ ಓದುವಿಕೆಯ ಮೇಲೆ, ವರ್ಷಕ್ಕೊಮ್ಮೆ ನಡೆಯುವ ತೆಗೆಯುವಿಕೆಯ ಸಲುವಾಗಿ ಸುಂಕ ಹಾಕುವುದು ಸರಿಯೇ? ಆರ್‌ಸಿಯು ಸರಿಯಲ್ಲವೆನ್ನುತ್ತದೆ. ಅದರಲ್ಲಿ ಓದುವವನು ಬಹುಮಟ್ಟಿಗೆ ಏನನ್ನೂ ತೆರಬೇಕಾಗಿಲ್ಲ. ತೆಗೆಯುವವನೇ ಹೊಸಬರಿಗೆ ದಾರಿ ಕಾಣದಂತೆ ಕೊಂಡಿಯನ್ನು ಕಳಚಿ, ಆ ಮುಂಚೆ ಒಳಹೊಕ್ಕವರೆಲ್ಲ ಹೊರಬಂದರೆಂದು ಖಚಿತವಾಗುವವರೆಗೆ ಕಾದು, ಆಮೇಲೆ ಮೆಮೊರಿಯನ್ನು ಬಿಟ್ಟುಕೊಡಬೇಕು. ಭಾರವೆಲ್ಲ ಅಪರೂಪಕ್ಕೆ ಬರುವವನ ಮೇಲೆ. ಪಾಲ್ ಮೆಕೆನ್ನಿ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನ 2002ರ ಅಕ್ಟೋಬರಿನಲ್ಲಿ ಲಿನಕ್ಸಿಗೆ ಸೇರಿತು. ಅದನ್ನು ಲಿನಕ್ಸಿಗೆ ಹೊಂದಿಸಿದವರಲ್ಲಿ ಮುಖ್ಯರಾದ ದೀಪಂಕರ ಸರ್ಮಾ ಆಗ ಬೆಂಗಳೂರಿನಲ್ಲಿ, ಐಬಿಎಂ ಸಂಸ್ಥೆಯ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು.

ಆರ್‌ಸಿಯುವಿನಲ್ಲಿ ಕಾಯುವುದಕ್ಕೆ ಬಿಡುವಿಲ್ಲದವರಿಗೆ ಇನ್ನೊಂದು ಸೌಕರ್ಯವಿದೆ: ಎಲ್ಲರೂ ಹೊರಬಂದ ಮೇಲೆ ಈ ಫಂಕ್ಷನ್ನನ್ನು ಕರೆ ಎಂದು ಹೇಳಿಟ್ಟು ಮುಂದೆ ಹೋಗಬಹುದು. ಆದರೆ ಹಾಗೆ ಕರೆಯಬೇಕಾದ ಫಂಕ್ಷನ್ ತೆಗೆಯಲ್ಪಡಲಿರುವ ಮಾಡ್ಯೂಲಿನೊಳಗೇ ಇದ್ದರೆ? ಶುಚಿಗೊಳಿಸುವುದಕ್ಕೆಂದು ಹೇಳಿಟ್ಟ ಕರೆಯೇ ಶೂನ್ಯಕ್ಕೆ ಜಿಗಿಯುತ್ತದೆ. ಹೇಳಿಟ್ಟ ಕರೆಗಳೆಲ್ಲ ನಡೆದು ಮುಗಿಯುವವರೆಗೆ ಕಾಯುವ ‘ಆರ್‌ಸಿಯು ಬ್ಯಾರಿಯರ್’ ಎಂಬ ಸಾಧನವನ್ನು ಬರೆದುಕೊಟ್ಟವರೂ ಸರ್ಮಾ ಅವರೇ. ಇದರ ಇತಿಹಾಸ ಒಂದು ಬಗೆಯಲ್ಲಿ ವಿನೋದಕರವಾದದ್ದು. ಮಾಡ್ಯೂಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅದು ಹುಟ್ಟಲಿಲ್ಲ. ಫೈಲ್ ಸಿಸ್ಟಮ್ ಒಂದನ್ನು ಅನ್‌ಮೌಂಟ್ ಮಾಡುವಾಗ ಇದೇ ತೊಡಕು ನಿಕಿತಾ ಡ್ಯಾನಿಲೊವ್ ಎಂಬವರಿಗೆ ಎದುರಾದುದರಿಂದ ಅವರಿಗಾಗಿ ಬರೆದದ್ದು. ಬಹುಕಾಲದ ಮೇಲೆ ಆರ್‌ಸಿಯುವನ್ನೇ ಪರೀಕ್ಷಿಸುವ ಮಾಡ್ಯೂಲೊಂದನ್ನು ಬರೆಯುತ್ತಿದ್ದ ಮೆಕೆನ್ನಿಯವರು, ಅದನ್ನು ತೆಗೆಯುವಾಗ ತಾವೇ ಆ ಹಳ್ಳಕ್ಕೆ ಬಿದ್ದು, ಪರಿಹಾರ ಆಗಲೇ ಸಿದ್ಧವಾಗಿ ಇರುವುದನ್ನು ಕಂಡುಕೊಂಡರು.

ಇಷ್ಟೆಲ್ಲ ತೊಡಕೇಕೆ, ತೆಗೆಯುವುದನ್ನೇ ಬಿಟ್ಟರಾಗದೆ ಎಂದು ಕೇಳುವವರುಂಟು, ಮತ್ತು ಅವರು ಅಲ್ಪಜ್ಞರಲ್ಲ. ಲಿನಕ್ಸನ್ನು ಕಟ್ಟಿಕೊಳ್ಳುವಾಗ ಮಾಡ್ಯೂಲುಗಳನ್ನು ತೆಗೆಯುವ ಸೌಕರ್ಯವೇ ಬೇಡವೆಂದು ಆಯ್ಕೆ ಮಾಡಬಹುದು. ಹಾಗೆ ಮಾಡಿದರೆ ಕರ್ನಲ್ ಚಿಕ್ಕದೂ ಚುರುಕಾದದ್ದೂ ಸರಳವಾದದ್ದೂ ಆಗುವುದೆಂದು ಆ ಆಯ್ಕೆಯ ವಿವರಣೆಯೇ ಹೇಳುತ್ತದೆ. ಓಪನ್‌ಬಿಎಸ್‌ಡಿ ಇನ್ನೂ ಮುಂದೆ ಹೋಗಿ, 2015ರಲ್ಲಿ ಹೊರಬಂದ 5.7ನೇ ಆವೃತ್ತಿಯಿಂದ ಮಾಡ್ಯೂಲುಗಳನ್ನು ಸೇರಿಸುವ ಪದ್ಧತಿಯನ್ನೇ ಕೈಬಿಟ್ಟಿದೆ. ಇತ್ತ ಲಿನಕ್ಸಿನಲ್ಲಿ ಬಲಾತ್ಕಾರವಾಗಿ ತೆಗೆಯುವ ಆಯ್ಕೆಯೂ ಉಂಟು. ಅದು ಕರ್ನಲ್ ಬರೆಯುವವರಿಗೂ ಹತಾಶರಾದ ಬಳಕೆದಾರರಿಗೂ ಮಾತ್ರವೆಂದು ಅದರ ವಿವರಣೆ ಎಚ್ಚರಿಸುತ್ತದೆ, ಅದನ್ನು ಪ್ರಯೋಗಿಸಿದ ಕರ್ನಲ್ಲಿಗೆ ಯಂತ್ರ ನಿಲ್ಲುವವರೆಗೂ ಅಳಿಸದ ಕಳಂಕದ ಗುರುತೊಂದು ಅಂಟಿಕೊಳ್ಳುತ್ತದೆ. ತೆಗೆಯದಿದ್ದರೆ ಅಪಾಯವಿಲ್ಲ ಎಂಬ ವಾದ, ಮಾಡ್ಯೂಲಿನ ಆದೇಶಗಳ ಮಟ್ಟಿಗೆ, ಒಪ್ಪತಕ್ಕದ್ದೇ. ಮೆಮೊರಿ ಅಗ್ಗವಾಗಿರುವ ಈ ಕಾಲದಲ್ಲಿ ಕೆಲವು ನೂರು ಕಿಲೊಬೈಟುಗಳನ್ನು ಉಳಿಸಿಕೊಳ್ಳುವುದಕ್ಕಾಗಿ ಯಂತ್ರವನ್ನೇ ಪಣಕ್ಕೊಡ್ಡುವುದು ವಿವೇಕವಲ್ಲ.

ಆದರೆ ಈ ವಾದ ಪ್ರಶ್ನೆಯ ಅರ್ಧವನ್ನು ಮಾತ್ರ ಕಂಡಿದೆ. ಇಲ್ಲಿ ಆಯುಸ್ಸು ಒಂದಲ್ಲ, ಮೂರು: ಡ್ರೈವರಿನ ಆದೇಶಗಳದೊಂದು, ಯಂತ್ರಭಾಗದ್ದೊಂದು, ಸಾಧನವನ್ನು ಬಳಸಲು ಪ್ರೋಗ್ರಾಂ ತೆರೆದು ಹಿಡಿದಿರುವ ಫೈಲಿನದೊಂದು. ಮೊದಲನೆಯದನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು. ಎರಡನೆಯದು ನಮ್ಮ ವಶದಲ್ಲಿಲ್ಲ, ತಂತಿ ಎಳೆದವನ ವಶದಲ್ಲಿದೆ. ಮೂರನೆಯದು ಪ್ರೋಗ್ರಾಮಿನ ಇಚ್ಛೆಗೆ ಬಿಟ್ಟದ್ದು. ಮಾಡ್ಯೂಲಿನ ಎಣಿಕೆ ಕಾಯುವುದು ಮೊದಲನೆಯದನ್ನು ಮಾತ್ರ. ಎಣಿಕೆ ಹತ್ತಿದ್ದರೂ ಯುಎಸ್‌ಬಿ ತಂತಿ ಕಿತ್ತು ಬರುತ್ತದೆ. ಎಣಿಕೆ ಹತ್ತಿದ್ದರೂ, ಸಾಧನಕ್ಕೂ ಡ್ರೈವರಿಗೂ ಇರುವ ಸಂಬಂಧವನ್ನು ಕಡಿಯುವ ‘ಅನ್‌ಬೈಂಡ್’ ಎಂಬ ಕಡತಕ್ಕೆ ಆಡಳಿತಾಧಿಕಾರಿ ಸಾಧನದ ಹೆಸರನ್ನು ಬರೆದರೆ ಸಂಬಂಧ ಕಡಿದೇಹೋಗುತ್ತದೆ. ಆಗ ಕರೆಯಲ್ಪಡುವ ಡ್ರೈವರಿನ ‘ರಿಮೂವ್’ ಫಂಕ್ಷನ್ ಹಿಂದೆ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತಿತ್ತು. ಅದರಿಂದಾಗಿ, ತಾನು ಬೇಡವೆಂದರೆ ತೆಗೆಯುವುದು ನಿಲ್ಲುತ್ತದೆಂಬ ಭ್ರಮೆ ಎಷ್ಟೋ ಡ್ರೈವರುಗಳನ್ನು ಬರೆದವರಲ್ಲಿ ಬೆಳೆದಿತ್ತು. ಕರ್ನಲ್ ಆ ಸಂಖ್ಯೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. 2021ರ 5.15ನೇ ಆವೃತ್ತಿಯಲ್ಲಿ, ಸಾಧನಗಳನ್ನು ಜೋಡಿಸುವ ‘ಬಸ್’ ಮಟ್ಟದ ರಿಮೂವ್ ಏನನ್ನೂ ಹಿಂದಿರುಗಿಸದಂತೆ ಬದಲಾಯಿತು. ಪ್ಲಾಟ್‌ಫಾರ್ಮ್ ಡ್ರೈವರುಗಳಲ್ಲಿಯೂ ಆಮೇಲೆ ಹಾಗೆಯೇ ಆಯಿತು. ಒಂದು ಸುಳ್ಳು ಭರವಸೆಯನ್ನು ಹಿಂತೆಗೆದುಕೊಂಡದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ಸುಧಾರಣೆ.

ವಿಂಡೋಸಿನವರು ಈ ಭೇದವನ್ನು ಬೇಗನೆ ಗುರುತಿಸಿದರೆಂದು ಒಪ್ಪಿಕೊಳ್ಳಬೇಕು. ವಿಂಡೋಸ್ 2000ದ ಕಾಲದಿಂದ ಅಲ್ಲಿ ಎರಡು ಬೇರೆಬೇರೆ ಸಂದೇಶಗಳಿವೆ. ಬಳಕೆದಾರ ಮುಂಚಿತವಾಗಿ ತಿಳಿಸಿ ‘ಸೇಫ್‌ಲಿ ರಿಮೂವ್’ ಗುಂಡಿಯನ್ನು ಒತ್ತಿದರೆ, ತೆಗೆಯಬಹುದೇ ಎಂದು ಡ್ರೈವರನ್ನು ಕೇಳುತ್ತಾರೆ, ಅದು ಬೇಡವೆನ್ನಬಹುದು. ತಿಳಿಸದೆ ಕಿತ್ತುಕೊಂಡರೆ ಬರುವುದು ‘ಸರ್‌ಪ್ರೈಸ್ ರಿಮೂವಲ್’, ಅಂದರೆ ಪ್ರಶ್ನೆಯಲ್ಲ, ವಾರ್ತೆ: ವಸ್ತು ಹೋಗಿದೆ, ಬಾಕಿಯಿರುವ ಕೋರಿಕೆಗಳನ್ನೆಲ್ಲ ವಿಫಲವೆಂದು ಹಿಂದಿರುಗಿಸು. ಕಟ್ಟಕಡೆಯ ತೆಗೆಯುವ ಸಂದೇಶ ಆಗ ಕೂಡಲೇ ಬರುವುದಿಲ್ಲ. ಪ್ರೋಗ್ರಾಮುಗಳು ತೆರೆದು ಹಿಡಿದ ಹ್ಯಾಂಡಲುಗಳೆಲ್ಲ ಮುಚ್ಚಿದ ಮೇಲೆಯೇ ಬರುತ್ತದೆ. 2018ರಲ್ಲಿ ವಿಂಡೋಸ್ 10ರ 1809ನೇ ಆವೃತ್ತಿ, ಹೊರಗಿನ ಡಿಸ್ಕುಗಳಿಗೆ ಬರೆಯುವುದನ್ನು ತಡಮಾಡದೆ ಬರೆದು, ಹೇಳದೆ ಕಿತ್ತರೂ ನಷ್ಟ ಕಡಿಮೆಯಾಗುವ ಕ್ರಮವನ್ನೇ ಸಹಜವೆಂದು ಅಂಗೀಕರಿಸಿತು. ಜನ ಗುಂಡಿಯನ್ನು ಒತ್ತುವುದಿಲ್ಲವೆಂಬ ಸತ್ಯಕ್ಕೆ ಯಂತ್ರ ತಲೆಬಾಗಿತು.

ಲಿನಕ್ಸಿನ ಮೂಲಪಾಠದಲ್ಲಿ ಹೊಸಬರಿಗೆ ಮಾದರಿಯಾಗಲೆಂದು ಇಟ್ಟಿರುವ ಒಂದು ಯುಎಸ್‌ಬಿ ಡ್ರೈವರ್ ಅಸ್ಥಿಪಂಜರವಿದೆ. ಅದು ತಂತಿ ಕಿತ್ತಾಗ ಮಾಡುವುದನ್ನು ಹತ್ತಿರದಿಂದ ನೋಡುವುದು ಲಾಭಕರ. ಮೊದಲು ತನ್ನ ಹೆಸರನ್ನು ನೋಂದಣಿಯಿಂದ ತೆಗೆಸುತ್ತದೆ, ಇನ್ನು ಹೊಸಬರು ಅದನ್ನು ತೆರೆಯಲಾರರು. ಅನಂತರ ಬೀಗವೊಂದನ್ನು ಹಿಡಿದು ‘ಸಂಬಂಧ ಕಡಿದಿದೆ’ ಎಂಬ ಗುರುತನ್ನು ಹಾಕುತ್ತದೆ. ಓದುವ, ಬರೆಯುವ ಫಂಕ್ಷನ್ನುಗಳು ಅದೇ ಬೀಗವನ್ನು ಹಿಡಿದು ಆ ಗುರುತನ್ನು ನೋಡಿಯೇ ಮುಂದುವರಿಯತಕ್ಕದ್ದು, ಗುರುತು ಕಂಡರೆ ‘ಸಾಧನವಿಲ್ಲ’ ಎಂಬ 19ನೆಯ ದೋಷಸಂಖ್ಯೆಯನ್ನು ಕೊಟ್ಟು ಹಿಂದಿರುಗತಕ್ಕದ್ದು. ಬಳಿಕ ದಾರಿಯಲ್ಲಿರುವ ಕೋರಿಕೆಗಳನ್ನು ರದ್ದುಮಾಡುತ್ತದೆ. ಕೊನೆಗೆ, ಸಾಧನವನ್ನು ವರ್ಣಿಸುವ ಮೆಮೊರಿಯ ತುಣುಕಿನ ಮೇಲೆ ತನಗಿದ್ದ ಹಕ್ಕನ್ನು ಬಿಡುತ್ತದೆ, ಅದನ್ನು ನಾಶಮಾಡುವುದಿಲ್ಲ. ಫೈಲನ್ನು ತೆರೆದ ಪ್ರತಿಯೊಬ್ಬನಿಗೂ ಅದರ ಮೇಲೆ ಒಂದೊಂದು ಹಕ್ಕಿದೆ. ಕೊನೆಯವನು ಮುಚ್ಚಿದಾಗ ಅದು ಅಳಿಯುತ್ತದೆ. ಅಧಿಕಾರ ಈ ಕ್ಷಣವೇ ಮುಗಿಯಿತು, ಅಸ್ತಿತ್ವ ಮಾತ್ರ ಕೊನೆಯ ಬಳಕೆದಾರನವರೆಗೆ ಉಳಿಯಿತು. ಇವೆರಡನ್ನೂ ಬೇರ್ಪಡಿಸಿದ್ದೇ ಈ ಪುಟ್ಟ ಮಾದರಿಯ ಹಿರಿಮೆ. ಹಳೆಯ ಪ್ರೋಗ್ರಾಂ ಮುಚ್ಚದಿರುವಾಗಲೇ ಕ್ಯಾಮೆರಾವನ್ನು ಮತ್ತೆ ಚುಚ್ಚಿದರೆ ಅದು ‘ವಿಡಿಯೊ 0’ ಎಂಬ ಹಿಂದಿನ ಹೆಸರಿನ ಬದಲು ‘ವಿಡಿಯೊ 1’ ಆಗಿ ಬರುವುದನ್ನು ಕಂಡು ಬೇಸರಪಡುವವರಿದ್ದಾರೆ. ಹಳೆಯ ಹೆಸರಿಗೆ ಇನ್ನೂ ಹಕ್ಕುದಾರನೊಬ್ಬನಿರುವುದೇ ಅದಕ್ಕೆ ಕಾರಣ.

ಎಲ್ಲ ಡ್ರೈವರುಗಳೂ ಹೀಗೆ ಬರೆಯಲ್ಪಟ್ಟಿದ್ದರೆ ಈ ಲೇಖನಕ್ಕೆ ವಸ್ತುವಿರುತ್ತಿರಲಿಲ್ಲ. 2007ರಲ್ಲಿ ತೇಜುನ್ ಹಿಯೋ ಅವರು, ಡ್ರೈವರು ಪಡೆದ ಸಂಪನ್ಮೂಲಗಳೆಲ್ಲ ಸಂಬಂಧ ಕಡಿದ ಕೂಡಲೇ ತಾವಾಗಿಯೇ ಬಿಡುಗಡೆಯಾಗುವ ಒಂದು ಅನುಕೂಲವನ್ನು ಕಲ್ಪಿಸಿಕೊಟ್ಟರು. ಅದರಿಂದ ಉಪಕಾರವಾದದ್ದು ನಿಜ, ಮರೆತುಬಿಟ್ಟ ಎಷ್ಟೋ ಸೋರಿಕೆಗಳು ನಿಂತವು. ಆದರೆ ಬರೆಯುವವರು ಅದೇ ಅನುಕೂಲದಿಂದ, ತೆರೆದ ಫೈಲುಗಳು ನೆಚ್ಚಿಕೊಂಡಿರುವ ಮೆಮೊರಿಯನ್ನೂ ಪಡೆಯತೊಡಗಿದರು. ಸಂಬಂಧ ಕಡಿದಾಗ ಆ ಮೆಮೊರಿಯೂ ಹೋಯಿತು, ಫೈಲು ಹಿಡಿದವನ ಕೈಯಲ್ಲಿ ಸತ್ತ ವಿಳಾಸ ಉಳಿಯಿತು. ಲೊರಾಂ ಪಿನ್ಶಾರ್ 2022ರಲ್ಲಿ ಡಬ್ಲಿನ್ನಿನಲ್ಲಿ ಸೇರಿದ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಈ ಅಭ್ಯಾಸವನ್ನು ಹಾನಿಕರವೆಂದೇ ಕರೆದು ಮಾತನಾಡಿದರು. ನನಗೆ ತೋರುವಂತೆ ದೋಷ ಆ ಸಾಧನದಲ್ಲಿಲ್ಲ; ಎರಡು ಆಯುಸ್ಸುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ ಅವಸರದಲ್ಲಿದೆ. ರಿಜಿಸ್ಟರುಗಳು, ಇಂಟರಪ್ಟು, ಗಡಿಯಾರದ ಸಂಕೇತ ಇವು ಯಂತ್ರಭಾಗದೊಂದಿಗೆ ಹೋಗತಕ್ಕವು; ಬಳಕೆದಾರನ ಫೈಲು ನೋಡುವ ಮೆಮೊರಿ ಬಳಕೆದಾರನೊಂದಿಗೆ ಹೋಗತಕ್ಕದ್ದು. ಕ್ಯಾರೆಕ್ಟರ್ ಸಾಧನವನ್ನು ತೆಗೆಯುವ ಕರ್ನಲ್ ಫಂಕ್ಷನ್ನಿನ ಮೇಲೆಯೇ ಎಚ್ಚರಿಕೆ ಬರೆದಿಟ್ಟಿದ್ದಾರೆ: ಇನ್ನು ಮುಂದೆ ತೆರೆಯಲಾಗದು, ಆದರೆ ಆಗಲೇ ತೆರೆದವರು ನಿನ್ನ ಫಂಕ್ಷನ್ನುಗಳನ್ನು ಕರೆಯುತ್ತಲೇ ಇರಬಹುದು ಎಂದು. ಓದಿದವರು ಕಡಿಮೆ.

ಕಾಯುವಿಕೆಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ಹಿಂದೆ ಆರ್‌ಎಂಮಾಡ್ ಆಜ್ಞೆಗೆ ‘ವೇಟ್’ ಎಂಬ ಆಯ್ಕೆಯಿತ್ತು. ಅದು ಹೊಸಬರನ್ನು ತಡೆಯುತ್ತಿತ್ತು, ಎಣಿಕೆ ಸೊನ್ನೆಯಾಗುವವರೆಗೆ ಕಾಯುತ್ತಿತ್ತು, ಆದರೆ ಒಳಗಿರುವವರಿಗೆ ಏನನ್ನೂ ತಿಳಿಸುತ್ತಿರಲಿಲ್ಲ. ಒಳಗಿರುವವನಿಗೆ ಹೊರಡಬೇಕೆಂದು ಗೊತ್ತಿಲ್ಲ, ಹೊರಗಿರುವವನು ಕೊಂದರೂ ಏಳದ ನಿದ್ರೆಯಲ್ಲಿದ್ದಾನೆ. ಇಂಥ ಕಾಯುವಿಕೆಗೆ ಕೊನೆಯೆಲ್ಲಿ? 3.13ನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟದ್ದು ಯುಕ್ತವಾಯಿತು. ಕಾಯುವುದಕ್ಕೆ ಮುಂಚೆ, ಕೋರಿಕೆಯಿಟ್ಟು ಮಲಗಿರುವವರನ್ನೆಲ್ಲ ಎಬ್ಬಿಸಿ, ಇಲ್ಲವೆಂಬ ಉತ್ತರವನ್ನು ಕೊಟ್ಟು ಕಳುಹಿಸಬೇಕು. ಆಗ ಕಾಯಬೇಕಾದ ಕಾಲ ಕೆಲವು ಮಿಲಿಸೆಕೆಂಡುಗಳಿಗೆ ಇಳಿಯುತ್ತದೆ, ಏಕೆಂದರೆ ಕಾಯುವುದು ಈಗ ಫಂಕ್ಷನ್ನಿನೊಳಗೆ ಇರುವವನಿಗಾಗಿ ಮಾತ್ರ, ಫೈಲನ್ನು ಹಿಡಿದುಕೊಂಡಿರುವವನಿಗಾಗಿ ಅಲ್ಲ. ಬಾರ್ತೊಷ್ ಗೊಲಾಶೆವ್ಸ್ಕಿಯವರು 2024ರ 6.9ನೇ ಆವೃತ್ತಿಯಲ್ಲಿ ಜಿಪಿಐಒ ಉಪವ್ಯವಸ್ಥೆಯನ್ನು ತಿದ್ದಿದ್ದು ಈ ಜಾಡಿನಲ್ಲಿಯೇ, ನಿದ್ರಿಸಬಲ್ಲ ಓದುಗರಿಗೂ ಒಪ್ಪುವ ಆರ್‌ಸಿಯುವಿನ ಒಂದು ಪ್ರಭೇದವನ್ನು ಬಳಸಿ. ಹೀಗೆ ಉಪವ್ಯವಸ್ಥೆಯೇ ಭಾರ ಹೊತ್ತರೆ ಅದರ ಕೆಳಗಿರುವ ಡ್ರೈವರುಗಳೆಲ್ಲ ಒಮ್ಮೆಗೇ ನಿರಾತಂಕವಾಗುತ್ತವೆ. ಒಬ್ಬೊಬ್ಬ ಡ್ರೈವರ್ ಲೇಖಕನೂ ತನ್ನ ಪಾಡಿಗೆ ತಾನು ಈ ವ್ಯೂಹವನ್ನು ರಚಿಸಿಕೊಳ್ಳಲೆಂದು ಬಿಡುವುದು ಅನ್ಯಾಯ. 2001ರಲ್ಲಿಯೇ ಲಿನಕ್ಸಿನ ದೋಷಗಳ ಅಧ್ಯಯನವೊಂದು, ಡ್ರೈವರುಗಳಲ್ಲಿ ದೋಷದ ಪ್ರಮಾಣ ಕರ್ನಲ್ಲಿನ ಉಳಿದ ಭಾಗಗಳಿಗಿಂತ ಮೂರರಿಂದ ಏಳು ಪಟ್ಟಿನವರೆಗೆ ಹೆಚ್ಚೆಂದು ತೋರಿಸಿತ್ತು. ಅತ್ಯಂತ ಕಠಿಣವಾದ ಕೆಲಸವನ್ನು ಅತ್ಯಂತ ದೋಷಪೂರ್ಣವಾದ ಕಡೆ ಒಪ್ಪಿಸುವುದು ಯಾವ ನೀತಿ?

ರಸ್ಟ್ ಭಾಷೆಯಲ್ಲಿ ಬರೆಯುವ ಡ್ರೈವರುಗಳಿಗಾಗಿ 2025ರಲ್ಲಿ ಕರ್ನಲ್ಲಿಗೆ ಸೇರಿದ ‘ರಿವೋಕಬಲ್’ ಎಂಬ ಮಾದರಿ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಅದರಲ್ಲಿ ಸಂಪನ್ಮೂಲವನ್ನು ಮುಟ್ಟಬೇಕಾದರೆ ಅದು ಇನ್ನೂ ಇದೆಯೇ ಎಂದು ಕೇಳಿಯೇ ಮುಟ್ಟಬೇಕು, ಕೇಳದೆ ಮುಟ್ಟುವ ಪಾಠವನ್ನು ಕಂಪೈಲರೇ ಒಪ್ಪುವುದಿಲ್ಲ. ಕೊಡುವ ಕ್ರಮದಲ್ಲಿಯೇ ಹಿಂತೆಗೆಯುವ ದಾರಿ ಇರಬೇಕೆಂಬ ನನ್ನ ವಾದಕ್ಕೆ ಇದಕ್ಕಿಂತ ಹತ್ತಿರವಾದ ಪ್ರಯೋಗವನ್ನು ನಾನು ಕಂಡಿಲ್ಲ. 2005ರಲ್ಲಿ ಟಾನೆನ್‌ಬಾಮ್ ಅವರ ಬಳಗ ಹೊರತಂದ ಮಿನಿಕ್ಸ್ 3, ಡ್ರೈವರುಗಳನ್ನೇ ಕರ್ನಲ್ಲಿನಿಂದ ಹೊರಗೆ ಸಾಮಾನ್ಯ ಪ್ರೊಸೆಸ್ಸುಗಳಾಗಿ ಇಟ್ಟು, ಸತ್ತವನ್ನು ಮತ್ತೆ ಹುಟ್ಟಿಸುವ ಸೇವಕನೊಬ್ಬನನ್ನು ನೇಮಿಸಿ, ಕರ್ನಲ್ ಕುಸಿಯುವ ಭಯವನ್ನು ಬೇರೆ ಬಗೆಯಲ್ಲಿ ನೀಗಿತು. ಆದರೆ ಅಲ್ಲಿಯೂ, ಅರ್ಧಕ್ಕೆ ನಿಂತ ಕೋರಿಕೆಗೆ ಯಾರು ಏನೆಂದು ಉತ್ತರ ಕೊಡಬೇಕೆಂಬ ಪ್ರಶ್ನೆ ಹಾಗೆಯೇ ಉಳಿದುಕೊಂಡಿತು.

ಆ ಉತ್ತರವನ್ನು ಓದಿಕೊಳ್ಳಬೇಕಾದವನು ಪ್ರೋಗ್ರಾಂ ಬರೆದವನು. ಕರ್ನಲ್ ಎಷ್ಟು ಸೌಜನ್ಯದಿಂದ ಹಿಂತೆಗೆದರೂ ಅವನ ಪಾಲಿನದನ್ನು ಅದು ಮಾಡಿಕೊಡಲಾರದು. ದೋಷಸಂಖ್ಯೆಗಳನ್ನು ಬಿಡಿಸಿ ನೋಡದೆ, ಓದುವಿಕೆ ಕೈಗೂಡದಾಗಲೆಲ್ಲ ಮತ್ತೆ ಪ್ರಯತ್ನಿಸುವ ಲೂಪೊಂದನ್ನು ಬರೆದಿಡುವುದು ಸಾಮಾನ್ಯ ಅಭ್ಯಾಸವಾಗಿದೆ. ಅಂಥ ಪ್ರೋಗ್ರಾಂ ಸಾಧನ ಹೋದ ಮೇಲೆ ಇಲ್ಲವೆಂಬ ಉತ್ತರವನ್ನು ಕ್ಷಣಕ್ಕೆ ಸಾವಿರಾರು ಸಲ ಪಡೆಯುತ್ತ, ಪ್ರೊಸೆಸರನ್ನು ಕಾಯಿಸುತ್ತ, ಫೈಲನ್ನು ಎಂದಿಗೂ ಮುಚ್ಚದೆ ಕುಳಿತಿರುತ್ತದೆ. ‘ಮತ್ತೆ ಪ್ರಯತ್ನಿಸು’ ಎಂಬ 11ನೆಯ ದೋಷಸಂಖ್ಯೆ ಬಂದರೆ ಸ್ವಲ್ಪ ತಡೆದು ಮತ್ತೆ ಕೇಳಬೇಕು. 19 ಬಂದರೆ, ಅಥವಾ ಕಾದು ನೋಡುವ ‘ಪೋಲ್’ ಕರೆಯಲ್ಲಿ ಸಂಪರ್ಕ ಕಡಿದ ಸೂಚನೆ ಬಂದರೆ, ಫೈಲನ್ನು ಮುಚ್ಚಿ ಬಳಕೆದಾರನಿಗೆ ಹಾಗೆಂದು ತಿಳಿಸಬೇಕು.